ನರಾಚಿ ಮತ್ತು ಮಾರಿಕುಪ್ಪಂ: ಕಲ್ಪಿತ ಲೋಕಗಳಲ್ಲಿ ಗಣಿಯ ಚರಿತ್ರೆ

2023ರ ಜುಲೈ ತಿಂಗಳಿನಲ್ಲಿ ‘ಕೆ.ಜಿ.ಎಫ್.’ ಎಂಬ ಕನ್ನಡ ಚಲನಚಿತ್ರದ ಎರಡು ಭಾಗಗಳೂ ಜಪಾನಿನ ಚಿತ್ರಮಂದಿರಗಳಲ್ಲಿ ತೆರೆಕಂಡುವು. ತನ್ನ ಪ್ರಾಚೀನ ಚರಿತ್ರೆಯನ್ನೂ ಪುರಾಣವನ್ನೂ ಬೆರಸಿ ಕಲ್ಪಿತ ಲೋಕಗಳನ್ನು ಕಟ್ಟುವುದರಲ್ಲಿ ಬಹುಕಾಲದಿಂದ ಪಳಗಿರುವ ದೇಶವೊಂದಕ್ಕೆ, ಕೋಲಾರದ ಚಿನ್ನದ ಗಣಿಗಳ ಹೆಸರನ್ನು ಹೊತ್ತ ನಮ್ಮ ಕಲ್ಪಿತ ಲೋಕವೊಂದು ಹೀಗೆ ಹೋಗಿ ಸೇರಿತು. ಇದು ವ್ಯಾಪಾರದ ಸಂಗತಿ. ಚರಿತ್ರೆಯ ಅಭ್ಯಾಸಿಗಳಿಗೆ ಇದರಲ್ಲಿ ಏನಿದೆ ಎಂದು ಕೆಲವರು ಕೇಳಬಹುದು. ಆದರೆ ನರಾಚಿ ಎಂಬುದು ಯಾವ ಗಣಿಯ ಹಳೆಯ ಹೆಸರು ಎಂದು ನಮ್ಮನ್ನು ಕೇಳುವ ವಿದ್ಯಾರ್ಥಿಗಳು ತರಗತಿಗಳಲ್ಲಿ ಈಗ ಇದ್ದಾರೆ. ನರಾಚಿ ಎಂಬ ಗಣಿ ಎಂದೂ ಇರಲಿಲ್ಲ. ಉರಿಗಾಂ, ಚಾಂಪಿಯನ್ ರೀಫ್, ನಂದಿದುರ್ಗ, ಮೈಸೂರು ಮೈನ್ ಎಂಬ ಹೆಸರುಗಳು ಅವರಿಗೆ ಅಪರಿಚಿತವಾಗುತ್ತಿರುವಾಗ ನರಾಚಿ ಪರಿಚಿತವಾಗಿದೆ. ಆದುದರಿಂದ ಕಲ್ಪಿತ ಲೋಕವು ಚರಿತ್ರೆಯಿಂದ ಏನನ್ನು ತೆಗೆದುಕೊಳ್ಳುವುದು, ಏನನ್ನು ಬಿಡುವುದು ಎಂಬ ಪ್ರಶ್ನೆಯನ್ನು ನಾವು ಈ ಲೇಖನದಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ಹೋಲಿಕೆಗೆ ಜಪಾನಿನ ಉದಾಹರಣೆಯೇ ಅನುಕೂಲವಾದುದು. ಅಲ್ಲಿಯೂ ಕಥೆಯು ಗಣಿಯನ್ನೂ ಕುಲುಮೆಯನ್ನೂ ಮುಟ್ಟುತ್ತದೆ.

ಜಪಾನಿನಲ್ಲಿ ಇಂದಿಗೆ ಉಳಿದು ಬಂದಿರುವ ಅತಿ ಪ್ರಾಚೀನ ಗ್ರಂಥ ‘ಕೊಜಿಕಿ’. ಹಳೆಯ ಸಂಗತಿಗಳ ದಾಖಲೆ ಎಂಬುದು ಆ ಹೆಸರಿನ ಅರ್ಥ. ಓ ನೊ ಯಸುಮಾರೊ ಎಂಬಾತನು ಕ್ರಿ.ಶ. 712ರಲ್ಲಿ ಇದನ್ನು ಗೆಮ್ಮೆಯಿ ಎಂಬ ಸಮ್ರಾಜ್ಞಿಗೆ ಒಪ್ಪಿಸಿದನು. ಎಂಟು ವರ್ಷಗಳ ತರುವಾಯ ‘ನಿಹೊನ್ ಶೊಕಿ’ ಎಂಬ ಇನ್ನೊಂದು ಗ್ರಂಥವು ಸಿದ್ಧವಾಯಿತು. ಕೋಲಾರದ ಸೀಮೆಯಲ್ಲಿ ಗಂಗ ಶ್ರೀಪುರುಷನು ಪಟ್ಟವೇರುವುದಕ್ಕೆ ತುಸು ಹಿಂದಿನ ಕಾಲವದು. ಕೊಜಿಕಿಯ ಆದಿಭಾಗದಲ್ಲಿ ದ್ವೀಪಗಳನ್ನು ಹೆತ್ತ ಇಜಾನಾಮಿ ದೇವಿಯು ಅಗ್ನಿದೇವನನ್ನು ಪ್ರಸವಿಸುವಾಗ ಸುಟ್ಟುಹೋಗುತ್ತಾಳೆ. ಆಕೆಯು ನರಳುತ್ತ ಮಾಡಿದ ವಾಂತಿಯಿಂದ ಹುಟ್ಟಿದವರು ಕನಯಾಮಬಿಕೊ ಮತ್ತು ಕನಯಾಮಬಿಮೆ. ಇವರು ಲೋಹದ ಬೆಟ್ಟಕ್ಕೆ ಒಡೆಯರಾದ ದೇವ ದೇವಿಯರು. ಮಡಿದ ಹೆಂಡತಿಯನ್ನು ಅರಸಿಕೊಂಡು ಇಜಾನಾಗಿಯು ನೆಲದ ಕೆಳಗಿನ ಯೋಮಿ ಎಂಬ ಕತ್ತಲ ನಾಡಿಗೆ ಇಳಿಯುತ್ತಾನೆ. ಅಲ್ಲಿ ಹುಳು ಹತ್ತಿದ ಆಕೆಯ ದೇಹವನ್ನು ಕಂಡು ಹೆದರಿ ಓಡಿಬರುತ್ತಾನೆ. ಬಾಯಿಗೆ ದೊಡ್ಡ ಬಂಡೆಯೊಂದನ್ನು ಅಡ್ಡವಿಡುತ್ತಾನೆ. ದಿನಕ್ಕೆ ಸಾವಿರ ಜನರನ್ನು ಕೊಲ್ಲುವೆನೆಂದು ಆಕೆ ಒಳಗಿನಿಂದ ಶಪಿಸಿದರೆ, ಒಂದು ಸಾವಿರದ ಐನೂರು ಹೆರಿಗೆಯ ಗುಡಿಸಲುಗಳನ್ನು ಕಟ್ಟಿಸುವೆನೆಂದು ಈತನು ಹೊರಗಿನಿಂದ ಮಾರುತ್ತರ ಕೊಡುತ್ತಾನೆ. ಗಣಿಯ ಬಾಯಿಯಲ್ಲಿ ನಿಂತು ಒಳಗಿಳಿದವರಿಗಾಗಿ ಕಾದವರಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ.

ಇಂಥ ಕಥೆಗಳನ್ನು ಎರಡು ರೀತಿಯಲ್ಲಿ ಬಳಸಬಹುದು. ಒಂದು, ಕಥೆಯನ್ನೇ ಚರಿತ್ರೆಯೆಂದು ಸಾರುವುದು. ಜಿಮ್ಮು ಎಂಬ ಪ್ರಥಮ ಚಕ್ರವರ್ತಿಯು ಕ್ರಿ.ಪೂ. 660ರಲ್ಲಿ ಪಟ್ಟವೇರಿದನೆಂಬ ಐತಿಹ್ಯವನ್ನು ಮೆಯಿಜಿ ಸರ್ಕಾರವು ಕಾಲಗಣನೆಯ ಆಧಾರವಾಗಿ ಸ್ವೀಕರಿಸಿತು. 1940ರಲ್ಲಿ ಸಾಮ್ರಾಜ್ಯದ 2600ನೆಯ ವರ್ಷವನ್ನು ವೈಭವದಿಂದ ಆಚರಿಸಲಾಯಿತು. ಕೊಜಿಕಿಯ ಮೊದಲ ಭಾಗಗಳು ರಾಜವಂಶದ ಹಕ್ಕನ್ನು ಸಮರ್ಥಿಸಲು ಆಸ್ಥಾನದಲ್ಲಿ ರಚಿತವಾದ ಕಥೆಗಳೆಂದು ತೋರಿಸಿದ ವಸೇದಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ತ್ಸುದಾ ಸೋಕಿಚಿಯವರ ಗ್ರಂಥಗಳು ಅದೇ ವರ್ಷ ನಿಷೇಧಕ್ಕೆ ಗುರಿಯಾದುವು. ಅವರು ಕೆಲಸವನ್ನು ಬಿಡಬೇಕಾಯಿತು. 1942ರಲ್ಲಿ ನ್ಯಾಯಾಲಯವು ಅವರನ್ನು ದೋಷಿಯೆಂದು ತೀರ್ಮಾನಿಸಿತು. ಚರಿತ್ರೆಯನ್ನು ಬೋಧಿಸುವವರು ಈ ಪ್ರಕರಣವನ್ನು ಆಗಾಗ ನೆನೆಯುವುದು ಒಳ್ಳೆಯದು.

ಮತ್ತೊಂದು ರೀತಿಯೆಂದರೆ, ಕಥೆಯನ್ನು ಕಥೆಯೆಂದೇ ಒಪ್ಪಿಕೊಂಡು ಅದರೊಳಗೆ ಹೊಸ ಲೋಕವೊಂದನ್ನು ಕಟ್ಟುವುದು. ಹಯಾವೊ ಮಿಯಾಜಾಕಿಯವರ ‘ಮೊನೊನೊಕೆ ಹಿಮೆ’ ಎಂಬ ಚಿತ್ರ (1997) ಈ ಬಗೆಯದು. ಅದರ ಕಾಲ ಸ್ಥೂಲವಾಗಿ ಮುರೊಮಾಚಿ ಯುಗ. ನಾಯಕನು ಈಶಾನ್ಯದ ಪ್ರಾಚೀನ ಎಮಿಷಿ ಜನಾಂಗದವನು. ಕಾಡುಹಂದಿಗಳೂ ತೋಳಗಳೂ ದೇವತೆಗಳು. ಕಥೆಯ ನಡುವೆ ಕಬ್ಬಿಣವನ್ನು ಕರಗಿಸುವ ಊರೊಂದಿದೆ. ಅಲ್ಲಿ ವೇಶ್ಯಾಗೃಹಗಳಿಂದ ಬಿಡಿಸಿ ತಂದ ಹೆಂಗಸರು ಸರದಿಯ ಮೇಲೆ ಕುಲುಮೆಯ ತಿದಿಯನ್ನು ತುಳಿಯುತ್ತಾರೆ. ಕುಷ್ಠರೋಗಿಗಳು ಬಂದೂಕುಗಳನ್ನು ತಯಾರಿಸುತ್ತಾರೆ. ವಾಸ್ತವದಲ್ಲಿ ಹೆಂಗಸರನ್ನು ಜಪಾನಿನ ಸಾಂಪ್ರದಾಯಿಕ ಕುಲುಮೆಗಳ ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಕಮ್ಮಾರರ ಕನಯಾಗೊ ದೇವತೆಗೆ ಹೆಂಗಸರೆಂದರೆ ಆಗದೆಂಬ ನಂಬಿಕೆಯಿದ್ದಿತು. ಹಾಗಾಗಿ ಮಿಯಾಜಾಕಿಯವರು ಚರಿತ್ರೆಯ ಅಕ್ಷರವನ್ನು ಮೀರಿದ್ದಾರೆ. ಆದರೂ ಆ ಹೆಂಗಸರು ಆ ಚಿತ್ರದಲ್ಲಿ ನಗುತ್ತಾರೆ, ಜಗಳವಾಡುತ್ತಾರೆ, ಗಂಡಂದಿರನ್ನು ಹಂಗಿಸುತ್ತಾರೆ, ತಮ್ಮ ಕೆಲಸದ ಮಾತನ್ನು ತಾವೇ ಆಡುತ್ತಾರೆ. ಹೊಲಗದ್ದೆಗಳಾಚೆಗೆ ಬಾಳಿದ ಜನರ ಚರಿತ್ರೆಯನ್ನು ಬರೆದ ಅಮಿನೊ ಯೋಶಿಹಿಕೊ ಅವರ ಸಂಶೋಧನೆಯ ಪ್ರಭಾವವನ್ನು ವಿಮರ್ಶಕರು ಇಲ್ಲಿ ಗುರುತಿಸಿದ್ದಾರೆ. ಇದೊಂದು ಅಳತೆಗೋಲು. ಕಲ್ಪಿತ ಲೋಕವು ತೇದಿಗಳನ್ನು ತಪ್ಪಿದರೆ ನಾವು ಅಷ್ಟಾಗಿ ಕಳವಳಪಡಬೇಕಾಗಿಲ್ಲ. ಯಾರನ್ನು ಮಾತಿಲ್ಲದವರನ್ನಾಗಿ ಮಾಡಿತು ಎಂಬುದನ್ನು ಮಾತ್ರ ನೋಡಬೇಕು.

ಈ ಅಳತೆಗೋಲನ್ನು ಹಿಡಿದು ಕೋಲಾರದ ಸೀಮೆಗೆ ಬರೋಣ. ಇಲ್ಲಿಯೂ ನೆಲದ ಮೇಲೆ ಕಲ್ಪಿತ ಲೋಕಗಳು ಒಂದರ ಮೇಲೊಂದು ಹರಡಿವೆ. ಕಾಮಧೇನುವಿನ ಕಾರಣದಿಂದ ಕಾರ್ತವೀರ್ಯಾರ್ಜುನನಿಗೂ ಪರಶುರಾಮನಿಗೂ ನಡೆದ ಯುದ್ಧದ ಕೋಲಾಹಲವು ಬೆಟ್ಟದಲ್ಲಿ ಮೊಳಗಿದುದರಿಂದ ಊರಿಗೆ ಕೋಲಾಹಲಪುರವೆಂಬ ಹೆಸರಾಯಿತೆಂದು ಸ್ಥಳಪುರಾಣ. ಮುಳಬಾಗಿಲು ತಾಲ್ಲೂಕಿನ ಆವನಿಯು ವಾಲ್ಮೀಕಿಯ ಆಶ್ರಮ. ಸೀತೆಯು ಲವಕುಶರನ್ನು ಹೆತ್ತುದು ಅಲ್ಲಿ. ಮಕ್ಕಳು ತಂದೆಯ ಸೇನೆಯೊಡನೆ ಕಾದಿದುದು ಅಲ್ಲಿ. ತಮ್ಮನ್ನು ಕುವಲಾಲಪುರವರೇಶ್ವರರೆಂದು ಕರೆದುಕೊಂಡ ಗಂಗರ ತಾಮ್ರಶಾಸನಗಳು, ಮೂಲಪುರುಷ ಕೊಂಗಣಿವರ್ಮನು ಕತ್ತಿಯ ಒಂದೇ ಏಟಿಗೆ ಮಹಾಶಿಲಾಸ್ತಂಭವನ್ನು ಕಡಿದನೆನ್ನುತ್ತವೆ. ಜಿಮ್ಮುವಿನ ಕಥೆಗೂ ಇದಕ್ಕೂ ಉದ್ದೇಶದಲ್ಲಿ ವ್ಯತ್ಯಾಸ ಅಲ್ಪ. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದ ಮೇಲೆ ಈ ಸಾಮಗ್ರಿಯು ಎಲ್ಲರಿಗೂ ದೊರೆಯುವಂತಾಯಿತು.

ನಮ್ಮ ಗಮನವನ್ನು ಸೆಳೆದುದು ಬೇರೊಂದು ಸಂಗತಿ. ಪರಶುರಾಮನ ಕಥೆಯಲ್ಲಾಗಲಿ, ಆವನಿಯ ಕಥೆಯಲ್ಲಾಗಲಿ ಚಿನ್ನದ ಗುಂಡಿಗಳ ಮಾತೇ ಇಲ್ಲ. ಈ ಪಟ್ಟಿಯಲ್ಲಿ ಬ್ರಿಟಿಷರು ಬರುವುದಕ್ಕೆ ಬಹು ಹಿಂದೆಯೇ ಜನರು ಬಂಡೆಯನ್ನು ಅಗೆದು ಚಿನ್ನವನ್ನು ತೆಗೆದಿದ್ದರು. ರಾಬರ್ಟ್ ಬ್ರೂಸ್ ಫೂಟ್ ಮೊದಲಾದ ಭೂವಿಜ್ಞಾನಿಗಳು ಆ ಹಳೆಯ ಗುಂಡಿಗಳನ್ನು ಗುರುತಿಸಿದರು; 1962ರಲ್ಲಿ ಎಫ್. ಆರ್. ಆಲ್ಚಿನ್ ಅವರು ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನೇ ಬರೆದರು. ಕೊಜಿಕಿಯ ಆರಂಭದ ಪುಟಗಳಲ್ಲಿಯೇ ಲೋಹದ ಬೆಟ್ಟದ ದೇವತೆಗಳು ಹುಟ್ಟುತ್ತಾರೆ. ಕೋಲಾರದ ಸ್ಥಳಪುರಾಣವು ಮಾತ್ರ ಬೆಟ್ಟದ ನೆತ್ತಿಯ ಮೇಲೆಯೇ ನಿಂತು ನೆಲದೊಳಕ್ಕೆ ಇಳಿಯಲಿಲ್ಲ. ಇದಕ್ಕೆ ಕಾರಣವೇನು? ಗುಂಡಿಗೆ ಇಳಿದವರು ಪುರಾಣವನ್ನು ಬರೆದವರ ಬೀದಿಯವರಲ್ಲ ಎಂಬುದೇ ಕಾರಣವೆಂದು ನಮ್ಮ ಊಹೆ. ಅವರು ಯಾರೆಂಬುದನ್ನು ತಿಳಿಯಲು ನಾವು 1802ರ ತನಕ ಕಾಯಬೇಕಾಗಿದೆ.

ಆ ವರ್ಷ ಮೈಸೂರಿನ ಗಡಿಯ ಮೋಜಣಿಗಾಗಿ ಬಂದಿದ್ದ ಲೆಫ್ಟೆನೆಂಟ್ ಜಾನ್ ವಾರೆನ್ ಎಂಬ ಅಧಿಕಾರಿಯು ಈ ಭಾಗದಲ್ಲಿ ಚಿನ್ನ ಸಿಗುವ ಸುದ್ದಿಯನ್ನು ಕೇಳಿ ಉರಿಗಾಂ ಮತ್ತು ಮಾರಿಕುಪ್ಪಂ ಗ್ರಾಮಗಳಲ್ಲಿ ಪರೀಕ್ಷೆ ನಡೆಸಿದನು. ಪರೈಯರು ಗುಂಡಿಯೊಳಗೆ ಕಲ್ಲನ್ನು ಒಡೆಯುತ್ತಿದ್ದರು. ಒಡೆದುದನ್ನು ಬುಟ್ಟಿಗಳಲ್ಲಿ ತುಂಬಿ, ಒಳಗೆ ಅಲ್ಲಲ್ಲಿ ನಿಂತವರು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ತರುತ್ತಿದ್ದರು. ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ, ನೀರಿರುವ ಕಡೆಗೆ ಒಯ್ದು ತೊಳೆದು ಚಿನ್ನವನ್ನು ಬೇರ್ಪಡಿಸುತ್ತಿದ್ದರು. ಮಿಯಾಜಾಕಿಯವರು ಕಲ್ಪಿಸಿಕೊಳ್ಳಬೇಕಾಗಿದ್ದ ಹೆಂಗಸರು ಇಲ್ಲಿ ದಾಖಲೆಯಲ್ಲಿಯೇ ಇದ್ದಾರೆ. ಹೆಸರು ಮಾತ್ರ ಇಲ್ಲ.

ಇದಾದ ಎಪ್ಪತ್ತು ವರ್ಷಗಳ ಬಳಿಕ, ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದ ಮೈಕೇಲ್ ಫಿಟ್ಸ್‌ಜೆರಾಲ್ಡ್ ಲವೆಲ್ ಎಂಬ ನಿವೃತ್ತ ಸೈನಿಕನು ವಾರೆನ್ನನ ವರದಿಯನ್ನು ಓದಿ ಎತ್ತಿನ ಗಾಡಿಯಲ್ಲಿ ಇತ್ತ ಬಂದುದು, 1870ರ ದಶಕದಲ್ಲಿ ಪರವಾನಗಿಯನ್ನು ಪಡೆದುದು, 1880ರಲ್ಲಿ ಜಾನ್ ಟೇಲರ್ ಕಂಪನಿಯು ಕೆಲಸಕ್ಕೆ ಇಳಿದುದು ಎಲ್ಲರಿಗೂ ತಿಳಿದ ಕಥೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಕಮಿಷನರ್ ಎಲ್. ಬಿ. ಬೌರಿಂಗನ ಹೆಸರನ್ನು ಹೊತ್ತಿದ್ದ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲ್ವೆಯ ಕವಲುದಾರಿ 1894ರಲ್ಲಿ ತೆರೆಯಿತು. ಶಿವನಸಮುದ್ರದ ವಿದ್ಯುಚ್ಛಕ್ತಿ 1902ರಲ್ಲಿ ಬಂದಿತು. ಕಂಪನಿಯ ಗಣಿಗಳ ಕೂಲಿಗಳಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಗಳ ಆದಿದ್ರಾವಿಡರು. ಬರಗಾಲವೂ ಊರಿನ ಜೀತವೂ ಅವರನ್ನು ಇಲ್ಲಿಗೆ ಅಟ್ಟಿದುವು. ಬಿದಿರು ತಟ್ಟಿಯ ಸಾಲುಮನೆಗಳಲ್ಲಿ, ಅಂದರೆ ಲೈನುಗಳಲ್ಲಿ, ಅವರ ವಾಸ. ಚಾಂಪಿಯನ್ ರೀಫ್ ಗಣಿಯು ಕೊನೆಗೆ 3,200 ಮೀಟರುಗಳಷ್ಟು ಕೆಳಕ್ಕೆ ಹೋಯಿತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲು. ಬಂಡೆಯು ಒಮ್ಮೊಮ್ಮೆ ಒತ್ತಡವನ್ನು ತಾಳದೆ ಸಿಡಿಯುವುದುಂಟು. ಹೊರಗೆ ನಿಂತ ಹೆಂಡಿರು ಮಕ್ಕಳಿಗೆ ಅಂಥ ಸಿಡಿತವು ನೆಲದ ನಡುಕವಾಗಿ ತಿಳಿಯುತ್ತಿದ್ದಿತು. ಸಿಡಿತದಿಂದ ಉಳಿದವರಲ್ಲಿ ಎಷ್ಟೋ ಮಂದಿಯನ್ನು ಕಲ್ಲಿನ ಧೂಳು ಪುಪ್ಪುಸದೊಳಗೆ ಸೇರಿ ನಿಧಾನವಾಗಿ ತಿಂದಿತು.

ಆದರೆ ಈ ಜನರು ಕೇವಲ ಸಹಿಸಿಕೊಂಡವರಲ್ಲ. 1930ರಲ್ಲಿ ಕಂಪನಿಯು ಎಲ್ಲ ಕೂಲಿಗಾರರ ಬೆರಳಚ್ಚನ್ನು ತೆಗೆದು ನೋಂದಾಯಿಸುವ ಯೋಜನೆಯನ್ನು ಹೊರಡಿಸಿದಾಗ ಅವರು ಸುಮಾರು ಮೂರು ವಾರ ಕೆಲಸವನ್ನು ನಿಲ್ಲಿಸಿದರು. ಬೆರಳಚ್ಚು ಅಪರಾಧಿಗಳಿಂದ ತೆಗೆಯತಕ್ಕುದು. ತಾವು ಅಪರಾಧಿಗಳಲ್ಲ ಎಂಬುದು ಅವರ ವಾದದ ತಿರುಳು. 1946ರಲ್ಲಿ ಅದಕ್ಕಿಂತಲೂ ದೀರ್ಘವಾದ ಮುಷ್ಕರವಾಯಿತು. ಕಮ್ಯೂನಿಸ್ಟರ ಸಂಘಗಳೂ ಅಂಬೇಡ್ಕರರ ಅನುಯಾಯಿಗಳ ಸಂಘಟನೆಗಳೂ ಇಲ್ಲಿ ಆಳವಾಗಿ ಬೇರೂರಿದುವು. ಈ ಚರಿತ್ರೆಯನ್ನು ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರನ್ನು ಕುರಿತ ತಮ್ಮ ಗ್ರಂಥದಲ್ಲಿ (1998) ವಿವರವಾಗಿ ಬರೆದಿದ್ದಾರೆ. ಅದನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಓದತಕ್ಕುದು. ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ವಹಿಸಿಕೊಂಡುವು. 1972ರಿಂದ ಅವು ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಸಂಸ್ಥೆಯ ಅಧೀನದಲ್ಲಿದ್ದುವು. 2001ರ ಫೆಬ್ರವರಿ 28ರಂದು ಮುಚ್ಚಿದುವು.

ಈಗ ನರಾಚಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪ್ರಶಾಂತ್ ನೀಲ್ ಅವರ ನಿರ್ದೇಶನದ ಈ ಚಿತ್ರದ ಮೊದಲ ಭಾಗವು 2018ರ ಡಿಸೆಂಬರಿನಲ್ಲಿಯೂ ಎರಡನೆಯದು 2022ರ ಏಪ್ರಿಲ್‌ನಲ್ಲಿಯೂ ಬಿಡುಗಡೆಯಾದುವು. 1951ರಲ್ಲಿ ಚಿನ್ನವನ್ನು ಕಂಡುಹಿಡಿದ ಒಬ್ಬನು ಸುಣ್ಣಕಲ್ಲಿನ ಗಣಿಯೆಂಬ ನೆಪದಲ್ಲಿ ಗುಪ್ತವಾದ ಚಿನ್ನದ ಗಣಿಯೊಂದನ್ನು ನಡೆಸುತ್ತಾನೆ. ಹಿಡಿದು ತಂದ ಜನರು ಅಲ್ಲಿ ದಾಸರು. ಅವನ ಮಗ ಗರುಡನನ್ನು ಕೊಲ್ಲಲು ಮುಂಬಯಿಯಿಂದ ನಾಯಕನು ಬರುತ್ತಾನೆ. ಕಥೆಯನ್ನು ಹೇಳುವವನು ಒಬ್ಬ ಪತ್ರಕರ್ತ. ಅವನು ಬರೆದ ಚರಿತ್ರೆಯನ್ನು ಸರ್ಕಾರವೇ ನಿಷೇಧಿಸಿತೆಂದು ಚಿತ್ರವು ಹೇಳುತ್ತದೆ. ತ್ಸುದಾ ಅವರಿಗೆ ಆದುದನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರುವುದು. ಅಲ್ಲಿ ಪುರಾಣವನ್ನು ಪ್ರಶ್ನಿಸಿದ ಚರಿತ್ರೆ ನಿಷೇಧಕ್ಕೆ ಒಳಗಾಯಿತು; ಇಲ್ಲಿ ಪುರಾಣವು ತಾನೇ ನಿಷಿದ್ಧ ಚರಿತ್ರೆಯ ವೇಷವನ್ನು ಹಾಕಿಕೊಂಡಿದೆ. ಇದು ಚತುರವಾದ ಉಪಾಯವೆಂಬುದರಲ್ಲಿ ಸಂದೇಹವಿಲ್ಲ. ಚಿತ್ರದ ಶಕ್ತಿಯನ್ನೂ ನಾವು ಅಲ್ಲಗಳೆಯುವುದಿಲ್ಲ. ಬೂದುಬಣ್ಣದ ಸೈನೈಡ್ ಗುಡ್ಡಗಳನ್ನು, ಅಂದರೆ ಅದಿರಿನಿಂದ ಚಿನ್ನವನ್ನು ಕಳೆದುಕೊಂಡ ಪುಡಿಯ ರಾಶಿಗಳನ್ನು, ಒಂದು ಲೋಕವನ್ನಾಗಿ ಕಂಡ ಕಣ್ಣು ಸಾಮಾನ್ಯವಾದುದಲ್ಲ. ಊರಿನ ಮನೆಗಳ ಮೇಲೆ ಗಾಳಿಯ ಕಾಲದಲ್ಲಿ ಧೂಳನ್ನು ಸುರಿಸುವ ಆ ಗುಡ್ಡಗಳನ್ನು ಅದುವರೆಗೆ ಯಾರೂ ನೋಡತಕ್ಕ ವಸ್ತುವೆಂದು ಎಣಿಸಿರಲಿಲ್ಲ.

ನಮ್ಮ ಆಕ್ಷೇಪಣೆ ಬೇರೆಯ ಕಡೆ ಇದೆ. ಚಿತ್ರದ ಕಾಲವಾದ 1970ರ ಮತ್ತು 1980ರ ದಶಕಗಳಲ್ಲಿ ನಿಜವಾದ ಗಣಿಯಲ್ಲಿ ಸರ್ಕಾರಿ ಆಡಳಿತವಿದ್ದಿತು, ಸಂಘಗಳಿದ್ದುವು, ಅವುಗಳಿಗೆ ಐವತ್ತು ವರ್ಷಗಳ ಹೋರಾಟದ ನೆನಪಿದ್ದಿತು. ನರಾಚಿಯ ಜನರಿಗೆ ನೆನಪೇ ಇಲ್ಲ. ಅವರು ಒಟ್ಟಿಗೆ ನರಳುತ್ತಾರೆ, ಒಟ್ಟಿಗೆ ಕಾಯುತ್ತಾರೆ, ಹೊರಗಿನವನೊಬ್ಬನು ಬಂದು ಅವರನ್ನು ಬಿಡಿಸುತ್ತಾನೆ. ಅವರ ನಡುವೆ ತಮಿಳಾಗಲಿ, ತೆಲುಗಾಗಲಿ ಕೇಳಿಬರುವುದಿಲ್ಲ. ಜಾತಿಯ ಮಾತೂ ಇಲ್ಲ. ಬೆರಳಚ್ಚನ್ನು ಕೊಡಲೊಲ್ಲೆವೆಂದು ಯಾವ ನಾಯಕನಿಗೂ ಕಾಯದೆ ಎದ್ದುನಿಂತ ಜನರ ನೆಲದಲ್ಲಿ, ನಾಯಕನಿಲ್ಲದೆ ಏಳಲಾರದ ಜನರನ್ನು ಈ ಕಥೆ ಕಲ್ಪಿಸಿದೆ. ಸ್ಥಳಪುರಾಣವು ಗುಂಡಿಯನ್ನು ನೋಡಲಿಲ್ಲ. ಈ ಹೊಸ ಪುರಾಣವು ಗುಂಡಿಗೆ ಇಳಿದರೂ ಅಲ್ಲಿದ್ದವರನ್ನು ಕಾಣಲಿಲ್ಲ.

ಗಣಿಯ ಜನರು ತಮ್ಮದೇ ಆದ ಪ್ರಾಚೀನ ಲೋಕವೊಂದನ್ನು ಕಟ್ಟಿಕೊಂಡಿದ್ದರೆಂಬುದು ಇನ್ನೂ ಕಡಮೆ ಜನರಿಗೆ ಗೊತ್ತು. ಮದರಾಸಿನ ಪಂಡಿತ ಅಯೋತ್ತಿದಾಸರು (1845–1914) 1898ರಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿ, ಪರೈಯರು ಈ ನೆಲದ ಪ್ರಾಚೀನ ಬೌದ್ಧರೆಂದೂ, ಬೌದ್ಧಧರ್ಮವನ್ನು ಬಿಡದಿದ್ದುದಕ್ಕಾಗಿಯೇ ಅವರನ್ನು ಹೀನರನ್ನಾಗಿ ಮಾಡಲಾಯಿತೆಂದೂ ಪ್ರತಿಪಾದಿಸಿದರು. ಈ ಸಂಘದ ಶಾಖೆಯು ಮಾರಿಕುಪ್ಪಂನಲ್ಲಿ ನೆಲೆಗೊಂಡಿತು. ಅವರ ಬರಹಗಳು ತರುವಾಯ ಚಿನ್ನದ ಗಣಿಯ ಊರಿನಿಂದಲೇ ಮುದ್ರಣವಾಗಿ ಹೊರಬಂದುವು. ಅಯೋತ್ತಿದಾಸರ ಚರಿತ್ರೆಯನ್ನು ಇಂದಿನ ಸಂಶೋಧಕನು ಅಕ್ಷರಶಃ ಒಪ್ಪಲಾರನು; ಶಬ್ದನಿಷ್ಪತ್ತಿಗಳಿಂದ ಅವರು ಎಳೆದ ತೀರ್ಮಾನಗಳಲ್ಲಿ ಹಲವು ನಿಲ್ಲುವುದಿಲ್ಲ. ಆದರೆ ಜಿಮ್ಮುವಿನ ಕಥೆಗೂ ಇದಕ್ಕೂ ಇರುವ ಅಂತರವನ್ನು ಮರೆಯಬಾರದು. ಅದು ಆಳುವವರ ಹಕ್ಕಿಗಾಗಿ ಹುಟ್ಟಿದುದು. ಇದು ಎಂಟು ಗಂಟೆಯ ಪಾಳಿಯನ್ನು ಮುಗಿಸಿ ಮೇಲಕ್ಕೆ ಬಂದವನು, ತಾನು ಹುಟ್ಟಿನಿಂದ ಹೀನನಲ್ಲವೆಂದು ಹೇಳಿಕೊಳ್ಳಲು ಬಳಸಿದುದು.

2024ರ ಆಗಸ್ಟಿನಲ್ಲಿ ಬಂದ ಪಾ. ರಂಜಿತ್ ಅವರ ‘ತಂಗಲಾನ್’ ಎಂಬ ತಮಿಳು ಚಿತ್ರವು ಈ ಪರಂಪರೆಗೆ ಸೇರಿದುದು. ಉತ್ತರ ಆರ್ಕಾಟಿನ ಪರೈಯರು ಬಿಳಿಯ ಅಧಿಕಾರಿಯೊಡನೆ ಚಿನ್ನವನ್ನು ಅರಸಿಕೊಂಡು ಹೊರಡುತ್ತಾರೆ. ಚಿನ್ನವನ್ನು ಕಾಯುವ ಆರತಿ ಎಂಬ ಮಾಯಾವಿನಿ, ಹಾವುಗಳು, ಭಗ್ನವಾದ ಬುದ್ಧನ ಪ್ರತಿಮೆ ಎಲ್ಲವೂ ಅದರಲ್ಲಿವೆ. ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಕಥೆಯನ್ನು ಇಟ್ಟಿರುವುದು ದಾಖಲೆಗೆ ಹೊಂದುವುದಿಲ್ಲ. ಲವೆಲ್ಲನ ಪರವಾನಗಿಗೆ ಇನ್ನೂ ಇಪ್ಪತ್ತು ವರ್ಷಗಳಿದ್ದುವು. ಕಥೆಯ ಹೆಣಿಗೆಯೂ ಕೆಲವೆಡೆ ಸಡಿಲ. ಆದರೂ ನೆಲದ ಕೆಳಗಿನ ಲೋಕಕ್ಕೆ ಈ ಸೀಮೆಯಲ್ಲಿ ಇಲ್ಲದಿದ್ದ ದೇವತೆಯೊಂದನ್ನು ಅದು ಸೃಷ್ಟಿಸಿಕೊಟ್ಟಿದೆ. ಅಗೆಯುವವರಿಗೆ ಹೆಸರು, ನಂಟು, ಹಟ, ಹಾಸ್ಯ ಎಲ್ಲವನ್ನೂ ಕೊಟ್ಟಿದೆ. ನಮ್ಮ ಅಳತೆಗೋಲಿನಲ್ಲಿ ಇದು ನರಾಚಿಗಿಂತ ಮೇಲಿನದು. ಕನ್ನಡದಲ್ಲಿ ಇಂಥದೊಂದು ಇನ್ನೂ ಬಂದಿಲ್ಲವೆಂಬುದು ಯೋಚಿಸತಕ್ಕ ವಿಷಯ. ಗಣಿಯ ಜನರು ಕನ್ನಡ ನಾಡಿನಲ್ಲಿದ್ದೂ ಕನ್ನಡದ ಕಲ್ಪನೆಯ ಹೊರಗೆ ಉಳಿದರೆಂದು ಹೇಳಿದರೆ ತಪ್ಪಾಗಲಾರದು.

ಜಪಾನಿಗೂ ಈ ಗಣಿಗೂ ಕಥೆಯಲ್ಲದ ಸಂಬಂಧವೂ ಒಂದಿದ್ದಿತೆಂಬುದನ್ನು ಪ್ರಸಂಗವಶಾತ್ ಹೇಳಬೇಕು. 1965ರಲ್ಲಿ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಒಸಾಕಾ ನಗರ ವಿಶ್ವವಿದ್ಯಾನಿಲಯ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2,300 ಮೀಟರುಗಳ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಕುರುಹನ್ನು ಪಡೆದರು. ಲೋಕದಲ್ಲಿ ಇದು ಮೊದಲ ಸಾಲಿನ ಶೋಧ. 1980ರ ದಶಕದಲ್ಲಿ ಪ್ರೋಟಾನಿನ ಕ್ಷಯವನ್ನು ಹುಡುಕುವ ಪ್ರಯೋಗಕ್ಕೂ ಒಸಾಕಾದವರು ಇಲ್ಲಿ ಜೊತೆಗೂಡಿದರು. 1983ರಲ್ಲಿ ಜಪಾನಿನ ಕಮಿಯೋಕಾ ಎಂಬ ಗಣಿಯಲ್ಲಿ ಅದೇ ಉದ್ದೇಶದ ಉಪಕರಣವು ಕೆಲಸವನ್ನು ಆರಂಭಿಸಿತು. ಅಲ್ಲಿಂದ ಮುಂದಿನ ಕೆಲಸಕ್ಕೆ ಎರಡು ಬಾರಿ ನೊಬೆಲ್ ಪಾರಿತೋಷಕವು ಸಂದಿತು. ಕೋಲಾರದ ಆಳಕ್ಕೆ ಆ ವಿಜ್ಞಾನಿಗಳನ್ನೂ ಅವರ ಉಪಕರಣಗಳನ್ನೂ ಇಳಿಸಿದುದು ಕೂಲಿಗಾರರು ಅಗೆದ ದಾರಿಯೇ ಹೊರತು ಬೇರೆಯಲ್ಲ.

ಗಣಿಗಳು ಮುಚ್ಚಿದ ಮೇಲೆ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿದೆ. ಕೆಳಗೆ ಇನ್ನು ಯಾರೂ ಹೋಗಿ ನೋಡಲಾರರು, ನೋಡಿದವರನ್ನು ಕೇಳಬಹುದು. 2001ರಲ್ಲಿ ಇಪ್ಪತ್ತೈದರ ಸುಮಾರಿನಲ್ಲಿದ್ದವರು ಈಗ ಐವತ್ತರ ಸುಮಾರಿನಲ್ಲಿದ್ದಾರೆ, ಉಳಿದವರು ಅದಕ್ಕೂ ಹಿರಿಯರು. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ ಮತ್ತು ಬಂಗಾರಪೇಟೆಯ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಇಂಥವರ ಮಕ್ಕಳು, ಮೊಮ್ಮಕ್ಕಳು. ಇವರಲ್ಲಿ ಹಲವರು ಬೆಂಗಳೂರಿನ ಕೆಲಸಕ್ಕಾಗಿ ಬೆಳಗಿನ ಗಾಡಿಯನ್ನು ಹಿಡಿಯುವ ಮನೆಗಳವರು. ಅಜ್ಜನು ಯಾವ ಗಣಿಯಲ್ಲಿ, ಯಾವ ಪಾಳಿಯಲ್ಲಿ, ಎಷ್ಟನೆಯ ಮಟ್ಟದಲ್ಲಿ ದುಡಿದನು, ಜೊತೆಗಾರರು ಯಾರು, ಯಾವ ಲೈನಿನಲ್ಲಿ ವಾಸ, ಅಜ್ಜಿಯು ಸೈರನ್ನಿನ ಸದ್ದಿಗೆ ಎಲ್ಲಿಗೆ ಓಡಿದಳು ಎಂಬ ಇಷ್ಟನ್ನು ತಮಿಳು, ತೆಲುಗು, ಕನ್ನಡ ಯಾವ ಮಾತಿನಲ್ಲಿ ಹೇಳಿದರೂ ಅದೇ ಮಾತಿನಲ್ಲಿ ಬರೆದುಕೊಂಡು ನಮ್ಮ ವಿಭಾಗಕ್ಕೆ ಕಳುಹಿಸಿಕೊಡಬೇಕೆಂದು ಅಧ್ಯಾಪಕ ಮಿತ್ರರಲ್ಲಿ ಕೋರುತ್ತೇವೆ. ಹೇಳಿದವರ ಹೆಸರನ್ನು, ಅವರ ಒಪ್ಪಿಗೆಯಿದ್ದರೆ, ಮೊದಲ ಸಾಲಿನಲ್ಲಿಯೇ ಬರೆಯತಕ್ಕುದು.